ಪುಸ್ತಕದ ಗಾಡಿಯ ರೇಣು

ರೇಣುವನ್ನು ಮಣ್ಣು ಮಾಡಿದ ಮೂರನೆಯ ದಿನದಿಂದ ಮನೆಗೆ ಜನ ಬರತೊಡಗಿದರು. ಮಣ್ಣಿಗೆ ಬಂದವರು ಹನ್ನೊಂದು ಮಂದಿ. ಮಾತಾಡಿಸಲು ಬಂದವರು ಐವತ್ತಕ್ಕೂ ಹೆಚ್ಚು. ಮಣ್ಣಾದದ್ದು ಗುರುವಾರ, ಎಲ್ಲರಿಗೂ ಆಫೀಸಿತ್ತು. ದುಃಖಪಡುವುದಕ್ಕೆ ಶನಿವಾರ, ಭಾನುವಾರ ಹೇಗೂ ಇದ್ದೇ ಇದ್ದವು.

ಸತ್ತವಳ ಅತ್ತೆ ವೀರಬಸಮ್ಮ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕುಳಿತು ಬಂದವರನ್ನೆಲ್ಲ ನೋಡಿದಳು. ಗದಗಿನ ಹತ್ತಿರದ ಹಳ್ಳಿಯಿಂದ ಮೂರು ವರ್ಷದ ಹಿಂದೆ ನ್ಯೂಜೆರ್ಸಿಗೆ ಬಂದ ಹೆಂಗಸು. ವಯಸ್ಸು ಐವತ್ತಮೂರು, ಹಣೆಯ ಮೇಲೆ ವಿಭೂತಿ, ನಾಲಿಗೆಯ ಮೇಲೆ ಮೆಣಸಿನಕಾಯಿ. ಆ ವಾರ ಮಾತ್ರ ಅವಳು ಬಾಯಿ ಬಿಡಲಿಲ್ಲ. ಹಾಗಾಗಿ ಬೇರೆಯವರ ಮಾತು ಒಂದೂ ಬಿಡದೆ ಕಿವಿಗೆ ಬಿತ್ತು.

"ಏನ್ ಕೈಗುಣ ಅಂತೀರ ಅವಳದ್ದು. ಮೊನ್ನೆ ಶನಿವಾರದ ಹೋಳಿಗೆ ರುಚಿ ಇನ್ನೂ ನಾಲಿಗೆ ಮೇಲಿದೆ" ಎಂದಳು ಕೌಸಲ್ಯಾ. ಕನ್ನಡ ಮಂಡಳಿಯ ಅಧ್ಯಕ್ಷ ಅಶ್ವತ್ಥನಾರಾಯಣರ ಹೆಂಡತಿ. ಆ ಶನಿವಾರ ಅವಳು ತಿಂದದ್ದು ಎಂಟು. ಬಡಿಸಿದ್ದು ವೀರಬಸಮ್ಮನೇ, ಆದ್ದರಿಂದ ಲೆಕ್ಕ ತಪ್ಪುವಂತಿರಲಿಲ್ಲ.

ಅಶ್ವತ್ಥನಾರಾಯಣರು ಅಮರೇಶ್ವರನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮಲ್ಲಿ ಹೂಳೋ ಪದ್ಧತಿ ಅಂತ ನನಗೆ ಹೊಳೀಲೇ ಇಲ್ಲ ನೋಡು ಅಮರೇಶ್. ಈ ದೇಶದಲ್ಲಿ ಕ್ರಿಮೇಷನ್ನೇ ಕನ್ವೀನಿಯೆಂಟು. ಪ್ಲಾಟು, ಕ್ಯಾಸ್ಕೆಟ್ಟು, ಕಲ್ಲು ಅಂತ ರಗಳೆ ಇರಲ್ಲ."

ಮೂವತ್ತಮೂರು ವರ್ಷದ ಮಗ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ವೀರಬಸಮ್ಮನಿಗೆ ಮೈ ಉರಿದುಹೋಯಿತು. ಸೊಸೆಯನ್ನು ಕುಳ್ಳಿರಿಸಿ, ಕೈಯಲ್ಲಿ ಲಿಂಗ ಕೊಟ್ಟು, ಬಿಲ್ವಪತ್ರೆ ಸುರಿದು ಮಣ್ಣು ಕೊಡಬೇಕಾಗಿತ್ತು. ಆದದ್ದೇನು? ಮಿರುಗುವ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಬೈಲಹೊಂಗಲದ ಈಶಣ್ಣ ಎಡಿಸನ್ನಿನಿಂದ ಬಂದು, ನೆನಪಾದಷ್ಟು ಮಂತ್ರ ಹೇಳಿ, ನೆನಪಾಗದ ಕಡೆ ಕಣ್ಣೊರೆಸಿಕೊಂಡಿದ್ದ. ಪೆಟ್ಟಿಗೆ ಮುಚ್ಚುವ ಮೊದಲು ವೀರಬಸಮ್ಮ ಸೊಸೆಯ ಹಣೆಗೆ ವಿಭೂತಿ ಹಚ್ಚಿದ್ದಳು. ಅಷ್ಟು ಸಾಧ್ಯವಾಗಿತ್ತು. ಈಗ ಈ ದೊಡ್ಡ ಮನುಷ್ಯ ಅನುಕೂಲದ ಮಾತಾಡುತ್ತಿದ್ದಾನೆ.

"ಲೈಬ್ರರಿಯನ್ ಆಗಿದ್ಲಲ್ವಾ?" ಎಂದು ಯಾರೋ ಕೇಳಿದರು.

"ಹೌದ್ರೀ, ಲೈಬ್ರರಿಯಲ್ಲಿ ದೊಡ್ಡ ಪೊಸಿಷನ್ನು" ಎಂದಳು ಕೌಸಲ್ಯಾ.

ವೀರಬಸಮ್ಮ ಅವಳತ್ತ ತಿರುಗಿ ದಿಟ್ಟಿಸಿದಳು. ಎರಡು ವರ್ಷದ ಹಿಂದಿನ ದೀಪಾವಳಿಯಲ್ಲಿ, ರೇಣು ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ, "ಬಂದ್ಲು ನೋಡಿ ನಮ್ಮ ಬಸ್ ಡ್ರೈವರಮ್ಮ, ಟಿಕೆಟ್ ತಗೊಳ್ಳಿ ಎಲ್ಲ" ಎಂದು ನಗೆಯೆಬ್ಬಿಸಿದ ಬಾಯಿ ಇದೇ.

ರೇಣುಕಾ ಧಾರವಾಡದ ಹುಡುಗಿ, ಬಿ.ಎಸ್ಸಿ. ಓದಿದವಳು. ಎಪ್ಪತ್ತೊಂದರಲ್ಲಿ ಅಮರೇಶ್ವರನನ್ನು ಮದುವೆಯಾಗಿ ಬಂದಳು. ಅವನಿಗೆ ಪರ್ತ್ ಆಂಬೊಯ್ ಕಡೆಯ ಬಣ್ಣದ ಕಾರ್ಖಾನೆಯಲ್ಲಿ ಕೆಮಿಕಲ್ ಇಂಜಿನಿಯರ್ ಕೆಲಸ. ಮನೆಯಲ್ಲಿ ಕುಳಿತು ಗೋಡೆ ನೋಡಲಾರದೆ ಅವಳು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಹಿಡಿದಳು. ಲೈಬ್ರರಿಗೆ ಒಂದು ಹಸಿರು ಗಾಡಿಯಿತ್ತು, ಸಣ್ಣ ಬಸ್ಸಿನಷ್ಟು. ಒಳಗೆಲ್ಲ ಕಪಾಟು, ಕಪಾಟಿನ ತುಂಬ ಪುಸ್ತಕ. ಲೈಬ್ರರಿಗೆ ಬರಲಾಗದವರ ಬಾಗಿಲಿಗೆ ಅದು ಹೋಗುತ್ತಿತ್ತು. ಅದರ ಡ್ರೈವರ್ ಕೆಲಸ ಬಿಟ್ಟು ಫ್ಲೋರಿಡಾಕ್ಕೆ ಹೋದಾಗ ಯಾರು ಓಡಿಸುತ್ತೀರಿ ಎಂಬ ಪ್ರಶ್ನೆ ಬಂತು. ಐದಡಿ ಎತ್ತರವೂ ಇಲ್ಲದ ರೇಣು ಕೈಯೆತ್ತಿದಳು. ಬೆನ್ನಿಗೊಂದು ದಿಂಬು, ಕೆಳಗೊಂದು ದಿಂಬು ಇಟ್ಟುಕೊಂಡು ಮೂರು ತಿಂಗಳಲ್ಲಿ ಆ ಗಾಡಿಯನ್ನು ಮನೆಯ ಎಮ್ಮೆಯಂತೆ ಪಳಗಿಸಿದಳು.

ಅಮರೇಶ್ವರನಿಗೆ ಅದು ನುಂಗಲಾರದ ತುತ್ತಾಯಿತು. ಯಾರಾದರೂ ಕೇಳಿದರೆ "ಲೈಬ್ರರಿಯಲ್ಲಿದ್ದಾಳೆ" ಎಂದು ಬೇಗ ಮಾತು ಮುಗಿಸುತ್ತಿದ್ದ. ಊರಿಗೆ ಬರೆದ ಪತ್ರದಲ್ಲಿ ಅದೂ ಇರಲಿಲ್ಲ.

ಹಾಗಾಗಿ ಎಪ್ಪತ್ತೆರಡರ ಜುಲೈಯಲ್ಲಿ ವಿಮಾನ ಇಳಿದ ವೀರಬಸಮ್ಮನಿಗೆ ಏನೂ ಗೊತ್ತಿರಲಿಲ್ಲ. ಮಗ ಆಫೀಸಿನ ಕೆಲಸಕ್ಕೆ ಕ್ಲೀವ್‌ಲ್ಯಾಂಡಿಗೆ ಹೋಗಿದ್ದ, ಸೊಸೆಯೊಬ್ಬಳೇ ಬಂದಿದ್ದಳು. ಕಾರಿನ ಡ್ರೈವರ್ ಎಲ್ಲಿ ಎಂದು ವೀರಬಸಮ್ಮ ಕೇಳಿದ್ದಕ್ಕೆ "ನಾನರಿ ಅತ್ತಿ" ಎಂದು ಕೀಲಿಕೈ ತೋರಿಸಿದ್ದಳು. ಸೊಸೆಯನ್ನು ಹದ್ದುಬಸ್ತಿನಲ್ಲಿಡಬೇಕೆಂದು ಊರಿನಿಂದಲೇ ನಿಶ್ಚಯ ಮಾಡಿಕೊಂಡು ಬಂದವಳು ವೀರಬಸಮ್ಮ. ಸಮುದ್ರದ ಮೇಲಿನ ದೊಡ್ಡ ಸೇತುವೆ ಹತ್ತುವಾಗ ಅವಳು ಎರಡೂ ಕೈಯಿಂದ ಸೀಟು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯ ಸೇತುವೆಗೆ ಬರುವಷ್ಟರಲ್ಲಿ ಒಂದು ಕೈ ಬಿಟ್ಟಿತ್ತು. ಮನೆ ಬಂದಾಗ, "ಹೊಡೀತಿ ಬಿಡು" ಎಂದಳು. ಅವಳ ಬಾಯಿಂದ ಅಷ್ಟು ಹೊಗಳಿಕೆ ಹೆತ್ತ ಮಗನಿಗೂ ಬಂದದ್ದಿಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತ ಹುಡುಗಿ ಕೇಳಿದಳು: "ಅತ್ತಿ, ಸಣ್ಣಾಕಿದ್ದಾಗ ನೀವು ಚಕ್ಕಡಿ ಹೊಡೀತಿದ್ರಂತ, ಖರೇನ?"

"ಹೊಡೀತಿದ್ದೆ. ನಮ್ಮಪ್ಪಗ ಗಂಡಮಕ್ಕಳಿರಲಿಲ್ಲ. ಹತ್ತಿ ಅಂಡಗಿ ಹೇರಿ ಗದಗಿನ ತನಕ ಹೊಡದೇನಿ."

"ಹಂಗಾರ ಕಾರು ಯಾಕ ಕಲೀಬಾರ್ದು?"

ಲೈಬ್ರರಿ ಭಾನುವಾರ ಮುಚ್ಚಿರುತ್ತಿತ್ತು. ಅದರ ಹಿಂದಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಾಠ ನಡೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ವೀರಬಸಮ್ಮ ಹಳೆಯ ಡಾಡ್ಜ್ ಕಾರನ್ನು ಗಂಟೆಗೆ ಐದು ಮೈಲಿಯಲ್ಲಿ ಸುತ್ತು ಹೊಡೆಸಿದಳು. "ಬ್ರೇಕ್ ಅಂದ್ರ ಹಗ್ಗ ಜಗ್ಗಿದಂಗ್ರಿ ಅತ್ತಿ. ಬಾಯಿಲೆ ಹೋ ಅಂದ್ರ ಇದು ನಿಂದ್ರೂದಿಲ್ಲ" ಎಂದು ರೇಣು ನಕ್ಕೂ ನಕ್ಕೂ ಡ್ಯಾಶ್‌ಬೋರ್ಡಿಗೆ ಹಣೆಯಿಡುತ್ತಿದ್ದಳು. ಅಮರೇಶ್ವರನಿಗೆ ಹೇಳಲಿಲ್ಲ, ಹೇಳಿದರೆ ನಾಲ್ಕು ಜನ ಏನಂತಾರೆ ಎನ್ನುತ್ತಿದ್ದ. ಅವನ ಆ ನಾಲ್ಕು ಜನ ಯಾರೆಂದು ವೀರಬಸಮ್ಮ ಎಷ್ಟೋ ಸಲ ಹುಡುಕಿದ್ದಳು.

ಎಪ್ಪತ್ತೈದರ ಮಾರ್ಚಿನಲ್ಲಿ ಅವರು ಮನೆಗೇ ಊಟಕ್ಕೆ ಬಂದರು. ಅಮರೇಶ್ವರನಿಗೆ ಪ್ರಮೋಷನ್ ಆಗಿತ್ತು, ಮಂಡಳಿಯ ಕಮಿಟಿಗೂ ಸೇರಿಸಿಕೊಂಡಿದ್ದರು. ಶನಿವಾರ ಇಪ್ಪತ್ತೆರಡು ಜನರಿಗೆ ಹೋಳಿಗೆ ಊಟ. ರೇಣುವಿಗೆ ಬುಧವಾರದಿಂದ ತಲೆನೋವು. ವೀರಬಸಮ್ಮ ಊರಿನಿಂದ ತಂದ ಮುಲಾಮು ಹಣೆಗೆ ತಿಕ್ಕಿ, "ತಲಿನೋವಿಗೆ ಯಾರೂ ಸತ್ತಿಲ್ಲ, ಏಳು" ಎಂದಿದ್ದಳು. ಹುಡುಗಿ ಎದ್ದಳು. ಹೂರಣ ರುಬ್ಬಿದಳು, ಲಟ್ಟಿಸಿದಳು, ಬಂದವರಿಗೆಲ್ಲ ನಗುತ್ತ ತುಪ್ಪ ಬಡಿಸಿದಳು. ಭಾನುವಾರ ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಮಂಗಳವಾರ ಉಸಿರು ನಿಂತಿತು. ಇಪ್ಪತ್ತೇಳು ವರ್ಷ.

ಊಟದ ಪಾತ್ರೆಗಳು ಅರ್ಧ ತೊಳೆದದ್ದು, ಅರ್ಧ ತೊಳೆಯದ್ದು ಸಿಂಕಿನಲ್ಲೇ ಇದ್ದವು. ಉಳಿದದ್ದನ್ನು ವೀರಬಸಮ್ಮ ತೊಳೆದಳು. ತಿಂದು ಹೋದವರ ತಟ್ಟೆ ಉಜ್ಜುವಾಗ ತನ್ನ ಬಾಯಿಂದ ಬಂದ ಆ ಒಂದು ಮಾತು ಕಿವಿಯಲ್ಲಿ ಕುಟ್ಟುತ್ತಲೇ ಇತ್ತು. ಬೇರೆಯವರ ಮೇಲೆ ಅವಳಿಗೆ ಹುಟ್ಟಿದ ತಿರಸ್ಕಾರಕ್ಕೆ ಬೇರು ಅಲ್ಲಿತ್ತು. ಅದು ಅವಳಿಗೂ ಗೊತ್ತಿತ್ತು.

ಏಪ್ರಿಲ್ ಕೊನೆಗೆ ಮಂಡಳಿಯವರು ಯುಗಾದಿ ಕಾರ್ಯಕ್ರಮ ಮಾಡಿದರು, ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ. ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ ಹತ್ತು ನಿಮಿಷ ಶ್ರದ್ಧಾಂಜಲಿ. ಅಶ್ವತ್ಥನಾರಾಯಣರು ಜರಿಯಂಚಿನ ಶಾಲು ಹೊದ್ದು ಮೈಕಿನ ಮುಂದೆ ನಿಂತರು.

"ಶ್ರೀಮತಿ ರೇಣುಕಾ ಅಮರೇಶ್ವರ ಅವರು ಉನ್ನತ ಗ್ರಂಥಾಲಯ ಅಧಿಕಾರಿಯಾಗಿ ಈ ನೆಲದಲ್ಲಿ ನಮ್ಮ ಸಂಸ್ಕೃತಿಯ ರಾಯಭಾರಿಯಾಗಿದ್ದರು. ಪತಿಯ ನೆರಳಾಗಿ, ಅತ್ತೆಯ ಸೇವೆಯೇ ಪರಮ ಧರ್ಮವೆಂದು ಬಾಳಿದ ಆ ಸಾಧ್ವಿ, ಮೃದುಭಾಷಿಣಿ..."

ಮೃದುಭಾಷಿಣಿ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಅಡ್ಡಬಂದ ಟ್ರಕ್ಕಿನವನಿಗೆ ಕಿಟಕಿ ಇಳಿಸಿ ಅಚ್ಚ ಧಾರವಾಡದ ಬೈಗುಳ ಬಯ್ಯುತ್ತಿದ್ದ ಹುಡುಗಿ. ಭಾಷಣ ಕೇಳುತ್ತ ವೀರಬಸಮ್ಮನಿಗೆ ಇವರು ಬೇರೆ ಯಾರನ್ನೋ ಹೂಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಎರಡು ನಿಮಿಷ ಮೌನ ಎಂದರು. ಒಂದು ನಿಮಿಷಕ್ಕೇ ಹಿಂದಿನ ಸಾಲಿನಲ್ಲಿ ಪೇಪರ್ ಪ್ಲೇಟುಗಳ ಸದ್ದು ಶುರುವಾಯಿತು, ಸಾರು ಆರುತ್ತಿತ್ತು.

"ಅತ್ತೆಯವರು ಎರಡು ಮಾತಾಡಬೇಕು" ಎಂದು ಕರೆದರು. ಬರಲಾರಳೆಂದು ತಿಳಿದೇ ಕರೆದದ್ದು. ವೀರಬಸಮ್ಮ ಎದ್ದು ಹೋದಳು.

"ನನ್ನ ಸೊಸಿ ಡ್ರೈವರ್ ಇದ್ಲು" ಎಂದಳು. "ಪುಸ್ತಕದ ಗಾಡಿ ಹೊಡೀತಿದ್ಲು. ಚಲೋ ಹೊಡೀತಿದ್ಲು. ನೀವೆಲ್ಲಾ ಅದಕ್ಕ ನಕ್ಕಿದ್ರಿ. ಆಕಿಗೆ ತಲಿನೋವಿದ್ದಾಗ ನಿಮಗ ಹೋಳಿಗಿ ಮಾಡ್ಯಾಳ. ನಾನ ಮಾಡ್ಸೇನಿ. ಉಣ್ರಿನ್ನ, ಹೊತ್ತಾತು."

ಸ್ವಲ್ಪ ಹೊತ್ತಿಗೆ ಊಟದ ಸಾಲು ಬೆಳೆಯಿತು. ಕಾರಿನಲ್ಲಿ ಅಮರೇಶ್ವರ, "ಹಂಗ್ಯಾಕ ಮಾತಾಡಿದೆವ್ವಾ, ನಾ ನಾಳೆ ಅವರಿಗೆ ಮುಖ ತೋರಸಬೇಕು" ಎಂದ.

"ತೋರಸು. ಆ ಮುಖಕ್ಕೇನಾಗೈತಿ?"

ಸಮಾಧಿ ಮನೆಯಿಂದ ಎಂಟು ಮೈಲಿ. ಅಕ್ಕಪಕ್ಕ ಎಲ್ಲ ಪೋಲೆಂಡಿನವರ ಹೆಸರು, ಗ್ರಾನೈಟಿನ ದೊಡ್ಡ ದೊಡ್ಡ ಕಲ್ಲು. ರೇಣುವಿನ ತಲೆಯ ಕಡೆ ಮಾತ್ರ ಮೊಳದುದ್ದದ ಕಬ್ಬಿಣದ ಗೂಟ, ಅದರ ಮೇಲೊಂದು ನಂಬರು. ಅಮರೇಶ್ವರ ತಾಯಿಯನ್ನು ಎರಡು ಸಲ ಕರೆದುಕೊಂಡು ಹೋದ. ಎರಡೂ ಸಲ ತಾನು ಕಾರಿನಿಂದ ಇಳಿಯಲಿಲ್ಲ. ಮೂರನೆಯ ಸಲ "ಹೋಗಿ ಏನು ಮಾಡೂದೈತವ್ವಾ" ಎಂದ. ಕಲ್ಲಿನ ಮಾತೆತ್ತಿದರೆ ಬೇಸಿಗೆಯಲ್ಲಿ ಬಿಸಿಲು ಇಳಿಯಲಿ ಎಂದ, ಬಿಸಿಲು ಇಳಿದ ಮೇಲೆ ಸ್ನೋ ಕರಗಲಿ ಎಂದ. ಸ್ನೋ ಇನ್ನೂ ಬಿದ್ದೇ ಇರಲಿಲ್ಲ.

ಆ ನವೆಂಬರಿನಲ್ಲಿ ಅವರಿದ್ದ ಊರಿನವರು ವೋಟು ಹಾಕಿ ಊರಿನ ಹೆಸರನ್ನೇ ಬದಲಿಸಿದರು. ಮ್ಯಾಡಿಸನ್ ಟೌನ್‌ಶಿಪ್ ಇದ್ದದ್ದು ಓಲ್ಡ್ ಬ್ರಿಡ್ಜ್ ಆಯಿತು. ಡಿಸೆಂಬರಿನಲ್ಲಿ ಅಮರೇಶ್ವರ ಇಂಡಿಯಾಕ್ಕೆ ಹೋಗಿ ಹುಬ್ಬಳ್ಳಿಯ ನೀತಾಳನ್ನು ಮದುವೆಯಾಗಿ ಬಂದ. "ಚಲೋ ಆತು" ಎಂದಳು ವೀರಬಸಮ್ಮ, "ಊರಿಗೂ ಹೊಸಾ ಹೆಸರು, ಮನಿಗೂ ಹೊಸಾ ಹೆಂಡ್ತಿ. ಹಳೇದಕ್ಕ ಗೂಟ." ಮಗ ತಟ್ಟೆ ಬಿಟ್ಟು ಎದ್ದು ಹೋದ. ವೀರಬಸಮ್ಮ ತನ್ನ ರೊಟ್ಟಿ ಪೂರ್ತಿ ತಿಂದು ಎದ್ದಳು.

ಹೊಸ ಸೊಸೆಗೆ ವೀಸಾ ಸಿಗಲು ತಿಂಗಳುಗಳು ಬೇಕಾಗಿದ್ದವು. ಆ ನಡುವೆ ಒಂದು ದಿನ ಲೈಬ್ರರಿಯಿಂದ ಡೊಲೊರೆಸ್ ಎಂಬಾಕೆ ಬಂದಳು. ಗಾಡಿಯಲ್ಲಿ ರೇಣುವಿನ ಪಕ್ಕ ಕುಳಿತು ಪುಸ್ತಕಗಳ ಮೇಲೆ ತಾರೀಖು ಒತ್ತುತ್ತಿದ್ದ ದಪ್ಪನೆಯ ಹೆಂಗಸು, ಸದಾ ಕೈಯಲ್ಲಿ ಸಿಗರೇಟು. ರೇಣುವಿನ ಎರಡು ದಿಂಬು, ಒಂದು ಥರ್ಮಾಸು, ಒಂದು ಕೆಂಪು ಸ್ವೆಟರು ತಂದಿದ್ದಳು. ಇಷ್ಟು ದಿನ ತಂದುಕೊಡಲು ಮನಸ್ಸಾಗಲಿಲ್ಲ ಎಂದು ಕೈಸನ್ನೆ ಮಾಡಿ ಹೇಳಿದಳು. ಚಹಾ ಕುಡಿಯುತ್ತ ಸದ್ದಿಲ್ಲದೆ ಅತ್ತಳು. ಹೊಗಳಿಕೆಯ ಒಂದು ಮಾತೂ ಆಡಲಿಲ್ಲ. ಈ ದೇಶಕ್ಕೆ ಬಂದ ಮೇಲೆ ವೀರಬಸಮ್ಮನಿಗೆ ಹಿಡಿಸಿದ ಎರಡನೆಯ ಮನುಷ್ಯಳು ಅವಳು.

ವೀರಬಸಮ್ಮ ಎರಡು ಕೈ ಮುಂದೆ ಚಾಚಿ ಸ್ಟಿಯರಿಂಗ್ ತಿರುಗಿಸುವಂತೆ ಮಾಡಿ, "ಮೀ. ಡ್ರೈವ್. ರೇಣು ಕಡೆ ಹೋಗೂ ದಾರಿ" ಎಂದಳು. ಡೊಲೊರೆಸಳಿಗೆ ಪೂರ್ತಿ ಅರ್ಥವಾಯಿತು.

ಮತ್ತೆ ಅದೇ ಪಾರ್ಕಿಂಗ್ ಲಾಟು. ಒಬ್ಬಳಿಗೆ ಕನ್ನಡ ಬರದು, ಒಬ್ಬಳಿಗೆ ಇಂಗ್ಲಿಷು ಬರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಬಯ್ದುಕೊಂಡರು. ಬರೆಯುವ ಪರೀಕ್ಷೆಗೆ ಬದಲಾಗಿ ಬಾಯಿಯಲ್ಲೇ ಪ್ರಶ್ನೆ ಕೇಳಿದರು, ಈಶಣ್ಣ ನಡುವೆ ನಿಂತು ಅದನ್ನೂ ಇದನ್ನೂ ತಿರುಗಿಸಿ ಹೇಳಿದ. ಮೊದಲ ಸಲ ಓಡಿಸುವ ಪರೀಕ್ಷೆಯಲ್ಲಿ ಫೇಲಾದಳು. ಎಡಕ್ಕೆ ಎಂದಾಗ ಬಲಕ್ಕೆ ಹೊರಳಿಸಿದಳು. "ಆ ಸಾಹೇಬ ಬಾಯಾಗ ಅಂಬಲಿ ಇಟ್ಟುಕೊಂಡು ಮಾತಾಡ್ತಾನ" ಎಂಬುದು ಅವಳ ತೀರ್ಪು. ಎಪ್ಪತ್ತಾರರ ಜೂನ್ ತಿಂಗಳಲ್ಲಿ, ಎರಡನೆಯ ಸಲ ಪಾಸಾಗಿ, ಲೈಸೆನ್ಸಿನ ಕಾಗದ ಕೈಗೆ ಬಂತು.

ಮಗನಿಗೆ ಅದನ್ನು ಊಟದ ಮೇಜಿನ ಮೇಲೆ ಇಟ್ಟು ತೋರಿಸಿದಳು. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಈ ವಯಸ್ಸಿನಾಗ ಯಾಕ ಬೇಕಿತ್ತವ್ವಾ? ಜನ ಏನಂದಾರು?"

"ಜನ ಹೋಳಿಗಿ ಬೇಕಂತಾರ. ನೀ ಕೀಲಿಕೈ ಕೊಡು."

ಅಂದಿನಿಂದ ಪ್ರತಿ ಸೋಮವಾರ ರೇಣುವಿನ ಡಾಡ್ಜ್ ಕಾರಿನಲ್ಲಿ ಹೋಗಿ ಗೂಟದ ಪಕ್ಕ ಕುಳಿತು ಬರುತ್ತಿದ್ದಳು. ರಸ್ತೆಯ ಬಲಗಡೆಯ ಸಾಲಿನಲ್ಲೇ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ತಿರುಗಿ ನೋಡದೆ.

ನೀತಾ ಬಂದದ್ದು ಸೆಪ್ಟೆಂಬರಿನಲ್ಲಿ. ಎತ್ತರದ, ಮಾತು ಕಡಿಮೆಯ, ಇಪ್ಪತ್ನಾಲ್ಕರ ಹುಡುಗಿ. ವೀರಬಸಮ್ಮ ಅವಳಿಗಾಗಿ ತಿರಸ್ಕಾರವನ್ನು ಮೊದಲೇ ಕಡೆದಿಟ್ಟಿದ್ದಳು. ಹುಡುಗಿ ಕಾಫಿ ಮಾಡಿದರೆ ತೆಳ್ಳಗಾಯಿತು, ರೊಟ್ಟಿ ಮಾಡಿದರೆ ದಪ್ಪಗಾಯಿತು, ನಕ್ಕರೆ ಯಾಕೆ ನಗುತ್ತಾಳೆ ಅನ್ನಿಸಿತು. ಹುಡುಗಿ ಎದುರಾಡಲಿಲ್ಲ. ಅದೂ ತಪ್ಪಾಗಿಯೇ ಕಂಡಿತು.

ಹತ್ತು ಹನ್ನೆರಡು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಅವರೆಕಾಯಿ ಸುಲಿಯುತ್ತ ಕುಳಿತಾಗ ನೀತಾ ಹೇಳಿದಳು:

"ಅತ್ತಿ, ನೀವು ಅಕ್ಕನ್ನ ಭಾಳ ಜ್ವಾಪಾನ ಮಾಡಿದ್ರಂತಲ್ರಿ."

"ಯಾವ ಅಕ್ಕ?"

"ರೇಣುಕಾ ಅಕ್ಕ. ಮದಿವ್ಯಾದಾಗಿಂದ ರೋಗಿಷ್ಠಿ ಇದ್ರು, ಭಾಳ ದಿನ ಹಾಸಿಗಿ ಹಿಡಿದಿದ್ರು ಅಂತ ಇವರು ನಮ್ಮಪ್ಪಗ ಹೇಳಿದ್ರು."

ವೀರಬಸಮ್ಮ ಕಾಳುಗಳನ್ನು ಬದಿಗೆ ಸರಿಸಿ ಎದ್ದಳು.

"ಚಪ್ಪಲಿ ಹಾಕ್ಕೋ."

"ಎಲ್ಲಿಗ್ರಿ?"

"ಹಾಸಿಗಿ ಹಿಡದಾಕಿನ್ನ ನೋಡಾಕ."

ಮೊದಲು ಲೈಬ್ರರಿಯ ಹಿಂದೆ ಕಾರು ನಿಲ್ಲಿಸಿದಳು. ಹಸಿರು ಗಾಡಿ ಅಲ್ಲೇ ಇತ್ತು, ಅದನ್ನೀಗ ಗಡ್ಡದ ಹುಡುಗನೊಬ್ಬ ತೊಳೆಯುತ್ತಿದ್ದ. "ಇದನ್ನ ಹೊಡೀತಿದ್ಲು ಆ ರೋಗಿಷ್ಠಿ" ಎಂದಳು ವೀರಬಸಮ್ಮ. "ಸ್ನೋ ಬಿದ್ದಾಗೂ ಹೊಡೀತಿದ್ಲು. ಒಂದ್ಸಲ ಟೈರು ಪಂಚರಾಗಿ ತಾನ ಕೆಳಗ ಹೊಕ್ಕು ಬದಲಿ ಮಾಡ್ಯಾಳ. ನಾ ನೋಡೇನಿ." ನೀತಾ ಕಿಟಕಿಯಿಂದ ಗಾಡಿಯ ಎತ್ತರವನ್ನೇ ನೋಡುತ್ತಿದ್ದಳು.

ಸ್ಮಶಾನದಲ್ಲಿ ಅವಳನ್ನು ಗೂಟದ ಮುಂದೆ ನಿಲ್ಲಿಸಿದಳು. ಹೇಳಬೇಕೆಂದುಕೊಂಡದ್ದು ಬಹಳವಿತ್ತು, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ: "ಐದು ದಿನ. ಬರೇ ಐದು ದಿನ ಜಡ್ಡಾಗಿದ್ಲು. ಅದರಾಗೂ ನಿಂತು ಅಡಿಗಿ ಮಾಡಿದ್ಲು."

ನೀತಾ ಬಗ್ಗಿ ನಂಬರು ಓದಿದಳು.

"ಇಲ್ಲಿ ಕಲ್ಲು ಯಾಕಿಲ್ರಿ?"

"ನಿನ್ನ ಗಂಡನ್ನ ಕೇಳು."

ಕೇಳಲಾರಳು, ಅತ್ತು ಸುಮ್ಮನಾಗುತ್ತಾಳೆ ಎಂದು ವೀರಬಸಮ್ಮ ಅಂದುಕೊಂಡಿದ್ದಳು. ಸಂಜೆ ಅಮರೇಶ್ವರ ಆಫೀಸಿನಿಂದ ಬಂದು ಚಹಾ ಮುಗಿಸುವವರೆಗೆ ಕಾದು ನೀತಾ ಕೇಳಿದಳು. ದನಿ ಏರಿಸಲಿಲ್ಲ.

"ಅಕ್ಕ ರೋಗಿಷ್ಠಿ ಇದ್ರು ಅಂತ ಯಾಕ ಹೇಳಿದ್ರಿ?"

ಅಮರೇಶ್ವರ ತಾಯಿಯತ್ತ ನೋಡಿದ. ತಾಯಿ ಅವನ ನೆರವಿಗೆ ಬರಲಿಲ್ಲ. ಅವನು ಕಪ್ಪನ್ನು ತಟ್ಟೆಯಲ್ಲಿಟ್ಟ.

"ಶುಕ್ರವಾರ" ಎಂದ. "ಶುಕ್ರವಾರ ನಾ ಆಫೀಸಿಂದ ಬಂದಾಗ ಆಕಿ ಬಾತ್‌ರೂಮಿನ್ಯಾಗ ನೆಲದ ಮ್ಯಾಲೆ ಕುಂತಿದ್ಲು, ಗ್ವಾಡಿಗೆ ತಲಿ ಹಚ್ಚಿ. ಡಾಕ್ಟರ್ ಕಡೆ ಹೋಗೂಣೇನ್ರಿ ಅಂದ್ಲು. ನಾ ಸೋಮವಾರ ಹೋಗೂಣು ಅಂದೆ. ಇಪ್ಪತ್ತೆರಡು ಮಂದಿಗೆ ಹೇಳೇನಿ, ಈಗ ಬ್ಯಾಡ ಅನ್ನಾಕಾಗೂದಿಲ್ಲ ಅಂದೆ. ಆತು ಅಂದು ಎದ್ಲು." ಕಪ್ಪನ್ನು ದೂರ ಸರಿಸಿದ. "ಮೊದಲಿಂದ ಜಡ್ಡಿತ್ತು ಅಂತ ನಿಮ್ಮಪ್ಪಗ ಹೇಳಿದೆ. ಹೇಳಿದ ರಾತ್ರಿ ಚಲೋ ನಿದ್ದಿ ಬಂತು. ಅದಕ್ಕ ಮತ್ತೊಬ್ಬರಿಗೂ ಹೇಳಿದೆ."

ಶುಕ್ರವಾರದ ಮಾತು ವೀರಬಸಮ್ಮನಿಗೆ ಗೊತ್ತಿರಲಿಲ್ಲ. ಕಾರಿನಿಂದ ಇಳಿಯದೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ ಮಗನ ಬೆನ್ನು ನೆನಪಾಯಿತು. ನಾಲಿಗೆಯ ತುದಿಗೆ ಬಂದ ಮಾತು ಬಹಳ ಹರಿತವಾಗಿತ್ತು. ಆಡಿದ್ದರೆ ಅವನು ಮತ್ತೆ ಎದ್ದು ನಿಲ್ಲುತ್ತಿರಲಿಲ್ಲ. ಅವಳು ಅದನ್ನು ನುಂಗಿದಳು.

"ನಾ ಮುಲಾಮು ತಿಕ್ಕಿದೆ" ಎಂದಳು. "ತಲಿನೋವಿಗೆ ಯಾರೂ ಸತ್ತಿಲ್ಲ ಅಂದೆ. ಹೂರಣ ಉರುಟಾತು, ಮತ್ತೊಮ್ಮೆ ರುಬ್ಬು ಅಂದೆ. ನಿನಕಿಂತ ನಾ ಭಾಳ ಮ್ಯಾಲಿಲ್ಲ. ಆದ್ರ ಅಮರೇಶಾ, ಆಕಿನ್ನ ರೋಗಿಷ್ಠಿ ಮಾಡಿ ನಾ ನಿದ್ದಿ ಮಾಡ್ಲಿಲ್ಲ. ನಂದು ನಾ ಹೊರ್ತೀನಿ. ನಿಂದು ನೀ ಹೊರು."

ಅವನು ಅತ್ತ. ವೀರಬಸಮ್ಮನಿಗೆ ಮರುಕವೂ ಬಂತು, ಸಿಟ್ಟೂ ಬಂತು. ಅಳುವುದಕ್ಕೆ ಒಂದೂವರೆ ವರ್ಷ ತೆಗೆದುಕೊಂಡನಲ್ಲ ಅನ್ನಿಸಿತು. ನೀತಾ ಎದ್ದು ಅವನ ಮುಂದೆ ಒಂದು ಲೋಟ ನೀರಿಟ್ಟಳು. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ.

"ನಮ್ಮಪ್ಪಗ ನೀವ ಪತ್ರ ಬರೀರಿ, ಖರೇ ಏನೈತೋ ಅದನ್ನ" ಎಂದಳು. "ಮತ್ತ ಕಲ್ಲು ಹಾಕಸ್ರಿ."

ಅವತ್ತಿನಿಂದ ಹುಡುಗಿಯ ಕಾಫಿ ವೀರಬಸಮ್ಮನಿಗೆ ಅಷ್ಟೇನೂ ತೆಳ್ಳಗೆ ಅನ್ನಿಸಲಿಲ್ಲ.

ಕಲ್ಲಿನ ಮೇಲೆ ಏನು ಬರೆಸುವುದು ಎಂಬುದು ಒಂದು ವಾರ ನಡೆಯಿತು. 'ಪ್ರೀತಿಯ ಹೆಂಡತಿ' ಎಂದು ಇಂಗ್ಲಿಷಿನಲ್ಲಿ ಬರೆಸೋಣವೆಂದ ಅಮರೇಶ್ವರ, ಹಾಗೆಂದು ನೀತಾಳ ಮುಖ ನೋಡಿ ಸುಮ್ಮನಾದ. "ಹೆಂಡ್ತಿ ಅನ್ನೂದು ಬ್ಯಾಡ, ಹೆಂಡ್ತಿ ಇಲ್ಲಿ ಕುಂತಾಳ" ಎಂದಳು ವೀರಬಸಮ್ಮ. "ಇರಲ್ರಿ ಅತ್ತಿ, ಇದ್ದದ್ದನ್ನ ಇಲ್ಲ ಅಂತ ಬರಿಯಾಕ ಬರ್ತೈತೇನು?" ಎಂದಳು ನೀತಾ. ಕಡೆಗೆ ಆ ಮಾತೂ ಇರಲಿ, ಮೇಲೆ ಹೆಸರು ಮಾತ್ರ ಕನ್ನಡದಲ್ಲಿ ಇರಲಿ ಎಂದಾಯಿತು. ಕಲ್ಲು ಕೆತ್ತುವ ಇಟಾಲಿಯನ್ ಮುದುಕ ಇಂಥ ದುಂಡು ದುಂಡು ಅಕ್ಷರ ಜನ್ಮದಲ್ಲಿ ಕಂಡಿರಲಿಲ್ಲ. ನೀತಾ ಅಡುಗೆಮನೆಯ ಮೇಜಿನ ಮೇಲೆ ಕಂದು ಕಾಗದ ಹಾಸಿ, ಒಂದೊಂದು ಅಕ್ಷರವನ್ನೂ ಅಂಗೈ ಅಗಲ ಬರೆದು, ಅಂಚು ಕತ್ತರಿಸಿ ಕೊಟ್ಟಳು.

ಸುದ್ದಿ ಮಂಡಳಿಗೆ ಹೇಗೋ ಮುಟ್ಟಿತು. ಅಶ್ವತ್ಥನಾರಾಯಣರು ಫೋನ್ ಮಾಡಿದರು. ಅಮರೇಶ್ವರ "ಹಾಂ ಸಾರ್, ಹಾಂ ಸಾರ್" ಅನ್ನುತ್ತಿದ್ದ. ಏನಂತೆ ಎಂದು ಕೇಳಿದರೆ, ರಿಸೀವರಿಗೆ ಕೈ ಮುಚ್ಚಿ, ಮಂಡಳಿಯವರೂ ಕೈಜೋಡಿಸುತ್ತಾರಂತೆ, ಕೆಳಗೆ 'ಕನ್ನಡ ಮಂಡಳಿಯ ವತಿಯಿಂದ' ಎಂದು ಸಣ್ಣಗೆ ಹಾಕಿಸಬೇಕಂತೆ, ಅನಾವರಣಕ್ಕೆ ಒಂದು ಪುಟ್ಟ ಸಮಾರಂಭವೂ ಆಗಲಿ ಅಂತಿದ್ದಾರೆ ಎಂದ.

ವೀರಬಸಮ್ಮ ರಿಸೀವರ್ ಕಸಿದುಕೊಂಡಳು.

"ನಮಸ್ಕಾರ್ರಿ. ಕಲ್ಲು ಸಣ್ಣದೈತ್ರಿ, ಆಕಿ ಹೆಸರಷ್ಟ ಹಿಡೀತೈತಿ. ನಿಮ್ಮ ಹೆಸರು ಇನ್ನೊಬ್ಬರ ಮ್ಯಾಲೆ ಬರಸ್ಕೋರಿ" ಎಂದು ಇಟ್ಟುಬಿಟ್ಟಳು. ಅಮರೇಶ್ವರ ಫೋನಿನತ್ತ ನೋಡಿದ. ಆಮೇಲೆ ಅವನಿಗೇ ನಗು ಬಂತು. ಬಹಳ ದಿನದ ಮೇಲೆ.

ನವೆಂಬರಿನ ಒಂದು ಭಾನುವಾರ, ಚಳಿ ಬಿಸಿಲಲ್ಲಿ, ಕಲ್ಲು ನಿಂತಿತು. ಇವರು ಮೂವರು, ಈಶಣ್ಣ, ಲೈಬ್ರರಿಯ ಇಬ್ಬರು, ಮತ್ತೆ ಡೊಲೊರೆಸ್. ಅಮರೇಶ್ವರ ಕಾರಿನಿಂದ ಇಳಿದು ಎಲ್ಲರಿಗಿಂತ ಹಿಂದೆ ನಡೆದು ಬಂದ. ಕಲ್ಲಿನ ಹತ್ತಿರ ಬಂದು ಮೊಣಕಾಲೂರಿ, ಹುಲ್ಲಿನ ಮೇಲೆ ಬಿದ್ದಿದ್ದ ಸಿಮೆಂಟಿನ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ವೀರಬಸಮ್ಮ ವಿಭೂತಿ ಹಚ್ಚಿದಳು, ಈಶಣ್ಣ ಈ ಸಲ ಮಂತ್ರವನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಯಾರೂ ಭಾಷಣ ಮಾಡಲಿಲ್ಲ.

ಡೊಲೊರೆಸ್ ಸಿಗರೇಟನ್ನು ಬೂಟಿನಡಿ ಹೊಸಕಿ, ಮೇಲಿನ ಸಾಲಿನತ್ತ ಬೆರಳು ತೋರಿಸಿದಳು. ಅದೇನೆಂದು ಕೇಳಿದಳು. ನೀತಾ ಹೇಳಿದಳು, ಅವಳ ಹೆಸರೇ, ನಮ್ಮ ಅಕ್ಷರದಲ್ಲಿ.

"ರೇನೂಕ" ಎಂದಳು ಡೊಲೊರೆಸ್.

ಮೂರು ವರ್ಷ ಪಕ್ಕದಲ್ಲಿ ಕುಳಿತವಳಿಗೆ ಹೆಸರು ಸರಿಯಾಗಿ ಬರಲಿಲ್ಲವಲ್ಲ ಎಂದು ವೀರಬಸಮ್ಮನ ತುಟಿ ಕೊಂಕಿತು. ಆದರೂ ಹತ್ತಿರ ಹೋಗಿ, ಕಲ್ಲಿನ ಎರಡನೆಯ ಅಕ್ಷರದ ಮೇಲೆ ಬೆರಳಿಟ್ಟು, ಅವಳ ಮುಖದ ಮುಂದೆ ಬಾಯಿ ತೆರೆದು ನಾಲಿಗೆಯನ್ನು ಅಂಗುಳಕ್ಕೆ ಮಡಚಿ ತೋರಿಸಿದಳು.

"ಣು" ಎಂದಳು. "ನು ಅಲ್ಲ. ಣು."

"ನು."

"ನಾಲಿಗಿ ಮ್ಯಾಲೆ ಮಾಡ. ಣು."

ಚಳಿಗೆ ಕೆಂಪಾದ ಮೂಗಿನ ಆ ದಪ್ಪ ಹೆಂಗಸು ಮತ್ತೆ ಬಾಯಿ ತೆರೆದಳು.